ನೆರೆ ಇಳಿದ ಮೇಲಿನ ಕರುಣೆ

2019ರ ಆಗಸ್ಟ್ ತಿಂಗಳಿನಲ್ಲಿ ಸಹ್ಯಾದ್ರಿಯ ಮೇಲೆ ಎಡೆಬಿಡದೆ ಸುರಿದ ಮಳೆಗೆ, 51 ಟಿಎಂಸಿ ನೀರನ್ನು ಹಿಡಿಯಬಲ್ಲ ಹಿಡಕಲ್ ಜಲಾಶಯವೂ ತುಂಬಿ, ಘಟಪ್ರಭೆಯು ದಡ ಮೀರಿ ಹರಿದು, ಗೋಕಾಕದ ಲೋಳಸೂರ ಸೇತುವೆ ಮುಳುಗಿ, ಪೇಟೆಯ ತಗ್ಗಿನ ಓಣಿಗಳೂ ಹೊಳೆದಂಡೆಯ ಹಳ್ಳಿಗಳೂ ಜಲಾವೃತವಾಗಿ, ಜನರು ದನಕರುಗಳೊಡನೆ ಮನೆ ಬಿಟ್ಟು ಶಾಲೆಗಳಲ್ಲಿಯೂ ಕಲ್ಯಾಣಮಂಟಪಗಳಲ್ಲಿಯೂ ದಿನ ಕಳೆಯಬೇಕಾಗಿ ಬಂದಾಗ, ನೀರು ಮುಟ್ಟದ ಊರುಗಳಲ್ಲಿ ನಡೆದ ಒಂದು ಕಾರ್ಯವನ್ನು ಉತ್ತರ ಕರ್ನಾಟಕದವರು ಮರೆತಿರಲಾರರು. ಯಾವ ಆಜ್ಞೆಗೂ ಕಾಯದೆ ಓಣಿಓಣಿಯ ಹೆಣ್ಣುಮಕ್ಕಳು ಜೋಳದ ಹಿಟ್ಟನ್ನು ಕೂಡಿಸಿಕೊಂಡು ರೊಟ್ಟಿ ಬಡಿಯಲು ಕುಳಿತರು. ಅದೂ ಮೆತ್ತನೆಯ ರೊಟ್ಟಿಯಲ್ಲ, ಖಡಕ್ ರೊಟ್ಟಿ. ಹಂಚಿನ ಮೇಲೆ ಬೆಂದುದನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸಿ, ತೇವವೆಲ್ಲ ಆರಿ ಗರಿಗರಿಯಾಗುವ ತನಕ ಕಾಯಿಸಿದುದು. ಮೆತ್ತನೆಯದಾದರೆ ಎರಡನೆಯ ದಿನಕ್ಕೇ ಬೂಸು ಹಿಡಿಯುವುದು, ಖಡಕ್ ಆದರೆ ವಾರಗಟ್ಟಲೆ ಕೆಡದು, ತಿನ್ನುವವರಿಗೆ ಒಲೆಯೂ ಬೇಡ, ಬಟ್ಟಲೂ ಬೇಡ, ಮೇಲಿಷ್ಟು ಶೇಂಗಾ ಹಿಂಡಿಯಿದ್ದರೆ ಸಾಕು ಎಂಬ ಲೆಕ್ಕಾಚಾರವನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ತಿನ್ನುವವರು ಯಾರು, ಯಾವ ಜಾತಿಯವರು, ಯಾವ ಪಕ್ಷಕ್ಕೆ ಓಟು ಹಾಕಿದವರು ಎಂಬುದನ್ನು ಬಡಿಯುವವರು ಕೇಳಲಿಲ್ಲ. ಗಂಟುಗಳು ಟೆಂಪೋ ಏರಿ ಹೋದವು.

ಇಂಥ ಮಹತ್ಕಾರ್ಯವನ್ನು ಮಾಡಬಲ್ಲ ಅದೇ ಓಣಿಯಲ್ಲಿ, ನೆರೆ ಇಳಿದು ಕೆಸರು ಒಣಗಿ ದಿನಗಳು ಎಂದಿನಂತೆ ಸಾಗತೊಡಗಿದ ಮೇಲೆ, ಒಬ್ಬಂಟಿ ಮುದುಕಿಯ ಬಾಗಿಲು ಹೊತ್ತೇರಿದರೂ ತೆರೆಯದಿರುವುದು ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು. ಜನರು ಕೆಟ್ಟವರಾದರೆಂದು ಇದರ ಅರ್ಥವಲ್ಲ. ವಿಪತ್ತು ತಾನಾಗಿಯೇ ನಮ್ಮ ಕರುಣೆಯನ್ನು ಕರೆದೆಬ್ಬಿಸುತ್ತದೆ. ಸಾಮಾನ್ಯ ದಿನ ಎಬ್ಬಿಸುವುದಿಲ್ಲ, ನಾವಾಗಿ ಏಳಬೇಕಾಗುತ್ತದೆ. ಮೂಡಲಗಿ ತಾಲೂಕಿನ ಕೌಜಲಗಿಯಂಥ ಊರಿನಲ್ಲಿ, ಹೊಲ, ಮನೆ, ಸಂತೆ, ಬಸ್ಸು ಇವುಗಳ ನಡುವೆ ಬಾಳುವ ಒಬ್ಬ ಗೃಹಸ್ಥನೋ ಗೃಹಿಣಿಯೋ ಈ ಏಳುವಿಕೆಯನ್ನು ದಿನನಿತ್ಯದ ರೂಢಿಯಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಕರುಣೆಯು ಕೆಲವರಿಗೆ ಹುಟ್ಟಿನಿಂದ ಬಂದ ಗುಣ, ಉಳಿದವರಿಗೆ ದಕ್ಕದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ರೊಟ್ಟಿ ಬಡಿಯುವುದನ್ನು ಕಲಿಯುವ ಹುಡುಗಿಯ ಮೊದಲ ರೊಟ್ಟಿಗಳು ಅಂಚಿನಲ್ಲಿ ಸೀಳಿ ನಡುವೆ ದಪ್ಪಗಾಗಿ ಬರುತ್ತವೆ. ಆಕೆಯ ಕೈಗೆ ಅದು ಹುಟ್ಟುಗುಣವಲ್ಲವೆಂದು ಯಾವ ತಾಯಿಯೂ ಒಲೆಯ ಮುಂದಿನಿಂದ ಎಬ್ಬಿಸಿ ಕಳುಹಿಸುವುದಿಲ್ಲ.

ಇದು ಹೊಸ ವಿಚಾರವೂ ಅಲ್ಲ. ಭಾರತದ ಸಾಧಕ ಪರಂಪರೆಗಳು ಪರಸ್ಪರ ಎಷ್ಟೇ ವಾದಿಸಿದರೂ ಈ ಒಂದು ಸಂಗತಿಯಲ್ಲಿ ಒಮ್ಮತದಿಂದಿವೆ. ಪತಂಜಲಿಯ ಯೋಗಸೂತ್ರವು ಚಿತ್ತದ ಪ್ರಸನ್ನತೆಗೆ ಸಾಧನಗಳಾಗಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕನ್ನು ಹೇಳಿದರೆ, ಬೌದ್ಧರು ಅವೇ ನಾಲ್ಕನ್ನು ಬ್ರಹ್ಮವಿಹಾರಗಳೆಂದು ಕರೆದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸಕಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ಹೇಳಿದರೂ ಕೇಳದವರಲ್ಲಿ ಮಾಧ್ಯಸ್ಥ್ಯ ಎಂದು ಹಂಚಿಕೊಟ್ಟಿತು. ಬೆಳಗಾವಿ ಸೀಮೆಯಲ್ಲಿ ನೇಗಿಲು ಹಿಡಿದ ಜೈನ ಒಕ್ಕಲಿಗರು ಇಂದಿಗೂ ಕಡಿಮೆಯಿಲ್ಲ; ಅವರ ಧರ್ಮದ ಸಾಮಾಯಿಕವೆಂಬ ನಿತ್ಯವಿಧಿ 48 ನಿಮಿಷ, ಅಂದರೆ ಒಂದು ಮುಹೂರ್ತ, ಸಮಭಾವದಲ್ಲಿ ಕುಳಿತುಕೊಳ್ಳುವುದು. ಶರಣರು ಇದನ್ನು ಕುಳಿತು ಮಾಡುವ ಕೆಲಸವಾಗಿರಿಸದೆ ದಾಸೋಹದ ಮೂಲಕ ಕೈಯ ಕೆಲಸವಾಗಿ ಮಾಡಿದರು. ಈ ಎಲ್ಲ ಕಡೆಯಲ್ಲಿಯೂ ಗಮನಿಸತಕ್ಕ ಅಂಶವೆಂದರೆ, ದಯೆಯನ್ನು ಯಾರೂ ಮನಸ್ಸು ಬಂದಾಗ ಬರುವ ಅತಿಥಿಯೆಂದು ಬಗೆಯಲಿಲ್ಲ. ಅದಕ್ಕೆ ಹೊತ್ತು, ಕ್ರಮ, ವಿಧಿಗಳನ್ನು ಗೊತ್ತುಪಡಿಸಿದರು.

ಆ ಕ್ರಮವನ್ನು ಅತ್ಯಂತ ವಿವರವಾಗಿ ಉಳಿಸಿಕೊಂಡು ಬಂದಿರುವವರು ಈಗ ನಮ್ಮ ನಾಡಿನಲ್ಲಿಯೇ ನೆಲೆಸಿದ್ದಾರೆಂಬುದು ನಮ್ಮಲ್ಲಿ ಅನೇಕರ ಲಕ್ಷ್ಯಕ್ಕೆ ಬಂದಿಲ್ಲ. ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರಿಗೆ ಬೈಲಕುಪ್ಪೆಯಲ್ಲಿ 1960ರಲ್ಲಿಯೂ ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರಲ್ಲಿಯೂ ಭೂಮಿ ದೊರೆತು, ಲ್ಹಾಸಾದ ಮೂರು ಮಹಾವಿಹಾರಗಳೆನಿಸಿದ ಸೆರಾ, ಡ್ರೆಪುಂಗ್, ಗಾಂದೆನ್‌ಗಳು ಕನ್ನಡದ ನೆಲದಲ್ಲಿಯೇ ಮರುಹುಟ್ಟು ಪಡೆದವು. ಮೊದಲನೆಯದು ಬೈಲಕುಪ್ಪೆಯಲ್ಲಿ, ಉಳಿದೆರಡು ಮುಂಡಗೋಡದಲ್ಲಿ. ಮನೆಮಠ, ನಾಡು, ಬಂಧುಗಳನ್ನು ಕಳೆದುಕೊಂಡವರು ಕಾಡು ಕಡಿದು ಗೋವಿನಜೋಳ ಬೆಳೆಯುತ್ತ, ತಮ್ಮನ್ನು ಹೊರದೂಡಿದವರ ಬಗ್ಗೆಯೂ ದ್ವೇಷ ಬೇಡವೆಂಬ ಪಾಠವನ್ನು ದಿನವೂ ಓದಿಕೊಂಡು ಬಂದರೆಂಬುದನ್ನು ನೆನೆದರೆ, ಬದುವಿನ ಜಗಳಕ್ಕೆ ಹತ್ತು ವರ್ಷ ಮಾತುಬಿಟ್ಟ ನಮ್ಮಂಥವರಿಗೆ ಸ್ವಲ್ಪ ಸಂಕೋಚವಾಗುವುದು ಸಹಜ. ಎಂಟನೆಯ ಶತಮಾನದಲ್ಲಿ ನಾಲಂದೆಯಲ್ಲಿದ್ದ ಶಾಂತಿದೇವನ ಬೋಧಿಚರ್ಯಾವತಾರವು ಅವರಿಗೆ ಈ ವಿಷಯದಲ್ಲಿ ಮುಖ್ಯ ಆಧಾರ. ನನಗೂ ಪರನಿಗೂ ಸುಖದ ಬಯಕೆ ಒಂದೇ ಎಂದು ಮೊದಲು ಸಮೀಕರಿಸುವುದು, ತರುವಾಯ ಅವನ ಸ್ಥಾನದಲ್ಲಿ ನನ್ನನ್ನೂ ನನ್ನ ಸ್ಥಾನದಲ್ಲಿ ಅವನನ್ನೂ ಇರಿಸಿ ನೋಡುವುದು: ಇದು ಆ ಗ್ರಂಥದ ಪ್ರಸಿದ್ಧ ಅಭ್ಯಾಸ.

ಆದರೆ ಹೊಸಬರಿಗೆ ಅದಕ್ಕಿಂತಲೂ ಸುಲಭವಾದ ಮೆಟ್ಟಿಲುಗಳನ್ನು ಐದನೆಯ ಶತಮಾನದ ಬುದ್ಧಘೋಷನು ವಿಸುದ್ಧಿಮಗ್ಗವೆಂಬ ಪಾಲಿ ಗ್ರಂಥದಲ್ಲಿ ಮೈತ್ರಿಯ ಪ್ರಕರಣದಲ್ಲಿ ಕಟ್ಟಿಕೊಟ್ಟಿದ್ದಾನೆ. ನಮ್ಮ ಕೆಲಸಕ್ಕೂ ಅವೇ ಸಾಕು. ಅವನ್ನು ಕೌಜಲಗಿಗೆ ಹೊಂದಿಸಿ ಹೇಳುವುದಾದರೆ ಹೀಗೆ. ಬೆಳಿಗ್ಗೆ ಎದ್ದು ಮೊಬೈಲನ್ನು ಮುಟ್ಟುವುದಕ್ಕೆ ಮುನ್ನ, ಹಿಂಡುವ ಎಮ್ಮೆ ಇನ್ನೂ ಕೂಗದಿರುವ ಹೊತ್ತಿನಲ್ಲಿ, ಹತ್ತು ನಿಮಿಷ ಬೆನ್ನು ನೆಟ್ಟಗಿರಿಸಿ ಕುಳಿತುಕೊಳ್ಳಬೇಕು. ಮೊದಲು ತನಗೆ ತಾನು ಒಳಿತನ್ನು ಹಾರೈಸಿಕೊಳ್ಳಬೇಕು. ನಮ್ಮ ಕಡೆಯವರಿಗೆ, ಅದರಲ್ಲಿಯೂ ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸರಿಗೆ, ಇದು ವಿಚಿತ್ರವೆನಿಸುವುದು, ಸ್ವಾರ್ಥವೆಂದೂ ತೋರುವುದು. ತನಗೂ ದುಃಖ ಬೇಡವಾಗಿದೆಯೆಂಬುದನ್ನು ಕಂಡುಕೊಳ್ಳದವನು ಪರನಿಗೆ ಅದು ಬೇಡವೆಂಬುದನ್ನು ಬಾಯಿಪಾಠವಾಗಿ ಮಾತ್ರ ಹೇಳಬಲ್ಲನಾದ್ದರಿಂದ ಇದನ್ನು ದಾಟಿ ಮುಂದೆ ಹೋಗತಕ್ಕದ್ದಲ್ಲ. ಎರಡನೆಯದಾಗಿ ಪ್ರೀತಿಗೋ ಗೌರವಕ್ಕೋ ಪಾತ್ರರಾದವರೊಬ್ಬರು: ಅಕ್ಷರ ಕಲಿಸಿದ ಮಾಸ್ತರರು, ಸಾಕಿದ ಸೋದರತ್ತೆ. ಮೂರನೆಯದಾಗಿ ಪ್ರೀತಿಯೂ ಇಲ್ಲದ ದ್ವೇಷವೂ ಇಲ್ಲದ ಒಬ್ಬರು. ಮುಖ ಗೊತ್ತು, ಹೆಸರು ಗೊತ್ತಿಲ್ಲ. ದಿನವೂ ಗೋಕಾಕದ ಬಸ್ಸಿನಲ್ಲಿ ಟಿಕೇಟು ಹರಿದುಕೊಡುವ ಕಂಡಕ್ಟರನಂತೆ, ಸಂತೆಯಲ್ಲಿ ಮೂಲೆಗೆ ಕುಳಿತು ಕೊತ್ತಂಬರಿ ಮಾರುವವಳಂತೆ. ಕಡೆಗೆ ಮಾತ್ರ ವೈರಿ.

ಬುದ್ಧಘೋಷನು ಈ ಸರದಿಯ ಬಗ್ಗೆ ಬಹಳ ಎಚ್ಚರ. ಮೊದಲಿಗೇ ವೈರಿಯನ್ನು ನೆನೆದರೆ ಸಿಟ್ಟೇ ಏಳುವುದೆಂದೂ, ತೀರಿಹೋದವರನ್ನು ಈ ಅಭ್ಯಾಸಕ್ಕೆ ವಸ್ತುವಾಗಿ ಇರಿಸಿಕೊಳ್ಳಲೇಬಾರದೆಂದೂ ಆತನು ತಿಳಿಸುತ್ತಾನೆ. ಉತ್ಸಾಹಿಗಳಾದ ನಮ್ಮವರು ಮೊದಲ ದಿನವೇ ಹಗೆಯನ್ನು ಕ್ಷಮಿಸಿ ಮಹಾತ್ಮರಾಗಲು ಹೊರಡುವುದರಿಂದಲೇ ಮೂರನೆಯ ದಿನಕ್ಕೆ ಅಭ್ಯಾಸ ನಿಂತುಹೋಗುವುದು. ನನ್ನ ಅಭಿಪ್ರಾಯದಲ್ಲಿ ಒಂದೆರಡು ತಿಂಗಳು ಮೂರನೆಯ ಮೆಟ್ಟಿಲಿನಲ್ಲಿಯೇ ನಿಲ್ಲುವುದು ಲೇಸು, ಏಕೆಂದರೆ ನಮ್ಮ ಆಯುಷ್ಯದಲ್ಲಿ ಎದುರಾಗುವ ಮನುಷ್ಯರಲ್ಲಿ ಬಹುಪಾಲು ಆ ಮೆಟ್ಟಿಲಿನವರೇ. ಇನ್ನು ಹಾರೈಕೆಯ ಮಾತು. ಸಂಸ್ಕೃತದ ಶಾಂತಿಮಂತ್ರ ಬಂದವರು ಅದನ್ನೇ ಹೇಳಬಹುದು; ಆದರೆ ಕಂಠಪಾಠವಾದದ್ದು ನಾಲಿಗೆಯ ಮೇಲೆ ಜಾರಿಹೋಗುತ್ತದೆಯಾದ್ದರಿಂದ, ಮನೆಯ ಮಾತಿನಲ್ಲಿಯೇ, “ಈಕಿ ಜಡ್ಡು ಲಗೂನ ವಾಸಿ ಆಗ್ಲಿ, ಈಕಿ ಮನಸಿನ ಭಾರ ಹಗುರಾಗ್ಲಿ” ಎಂದು, ಒಬ್ಬೊಬ್ಬರ ಮುಖವನ್ನು ಕಣ್ಮುಂದೆ ತಂದುಕೊಂಡು ಹೇಳಿಕೊಳ್ಳುವುದು ಹೆಚ್ಚು ನಾಟುತ್ತದೆ. ಕಣ್ಣೀರು ಬರಬೇಕೆಂಬ ನಿರೀಕ್ಷೆ ಬೇಡ. ಎಷ್ಟೋ ದಿನ ಏನೂ ಅನಿಸುವುದಿಲ್ಲ; ಅನಿಸದಿದ್ದರೂ ಎದ್ದುಹೋಗದೆ ಹೊತ್ತು ಮುಗಿಸುವುದೇ ಅಭ್ಯಾಸ.

ಇಷ್ಟರಿಂದ ನಡತೆ ಬದಲಾಗುವುದೇ ಎಂದು ಕೇಳುವವರಿಗೆ ಈಗ ಉತ್ತರ ಹೇಳಲು ಶಾಸ್ತ್ರಗ್ರಂಥಗಳನ್ನಷ್ಟೇ ನೆಚ್ಚಬೇಕಾಗಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹೆಲೆನ್ ವೆಂಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ದಿನಕ್ಕೆ 30 ನಿಮಿಷದಂತೆ ಎರಡು ವಾರ ಇಂಥದೇ ಕರುಣೆಯ ಅಭ್ಯಾಸ ಮಾಡಿದವರು, ಬೇರೊಂದು ಬಗೆಯ ಮನೋಭ್ಯಾಸ ಮಾಡಿದವರಿಗಿಂತ, ಅನ್ಯಾಯಕ್ಕೊಳಗಾದ ಅಪರಿಚಿತನಿಗಾಗಿ ತಮ್ಮ ಹಣವನ್ನು ಹೆಚ್ಚು ಬಿಟ್ಟುಕೊಟ್ಟರು. ಅದೇ ವರ್ಷದ ಇನ್ನೊಂದು ಪ್ರಯೋಗ ನನಗೆ ಇನ್ನೂ ಪ್ರಿಯವಾದುದು. ಬೋಸ್ಟನ್ ನಗರದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಎಂಟು ವಾರ ಧ್ಯಾನ ಕಲಿತವರನ್ನೂ ಕಲಿಯದವರನ್ನೂ ಒಂದು ಕಾಯುವ ಕೋಣೆಗೆ ಕರೆದು, ಖಾಲಿಯಿದ್ದ ಕಡೆಯ ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಊರುಗೋಲು ಹಿಡಿದು ನೋವಿನಿಂದ ನರಳುವಂತೆ ನಟಿಸುವ ಹೆಣ್ಣುಮಗಳೊಬ್ಬಳನ್ನು ಒಳಗೆ ಬಿಟ್ಟರು. ಅಕ್ಕಪಕ್ಕದಲ್ಲಿ ಕುಳಿತಿದ್ದ ನಟರು ಏನೂ ಕಾಣದವರಂತೆ ಮೊಬೈಲು ನೋಡುತ್ತಿದ್ದರು. ಧ್ಯಾನವಿಲ್ಲದವರಲ್ಲಿ ನೂರಕ್ಕೆ 16 ಮಂದಿ ಎದ್ದು ಕುರ್ಚಿ ಕೊಟ್ಟರು. ಕಲಿತವರಲ್ಲಿ ನೂರಕ್ಕೆ 50 ಮಂದಿ. ಕಲಿತವರಲ್ಲಿಯೂ ಅರ್ಧದಷ್ಟು ಜನ ಏಳಲಿಲ್ಲವೆಂಬುದನ್ನು ಮರೆಯಬಾರದು, ಧ್ಯಾನ ಮಾಂತ್ರಿಕವಿದ್ಯೆಯಲ್ಲ.

ಆ ಕೋಣೆಗೂ ನಮ್ಮ ಬಸ್ಸಿಗೂ ಹೆಚ್ಚು ಅಂತರವಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಂದಿನಿಂದ ಬಸ್ಸುಗಳಲ್ಲಿ ಕಾಲಿಡಲು ಸ್ಥಳವಿಲ್ಲವೆಂದು ಗೊಣಗುವ ಗಂಡಸರು ಪ್ರತಿ ನಿಲ್ದಾಣದಲ್ಲಿಯೂ ಸಿಗುತ್ತಾರೆ. ಸಂತೆಯ ದಿನ ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು ಇರುವ ತಾಯಿಯೊಬ್ಬಳು ಕಂಬ ಹಿಡಿದು ಓಲಾಡುತ್ತಿರುವಾಗ, ಕಿಟಕಿಯ ಪಕ್ಕದವನು ಏಕಾಏಕಿ ಹೊರಗಿನ ಕಬ್ಬಿನ ಹೊಲಗಳಲ್ಲಿ ಅಪಾರ ಆಸಕ್ತಿ ತಳೆಯುವುದನ್ನು ನೋಡಬೇಕು. ಅಂಥ ಗಳಿಗೆಯಲ್ಲಿ ಮನಸ್ಸು ವಾದ ಹೂಡುತ್ತದೆ: ನನಗೂ ಮೊಣಕಾಲು ನೋವು, ನಾನು ಟಿಕೇಟು ಕೊಂಡವನು, ಆಚೆ ಕುಳಿತ ಹುಡುಗ ಏಳಬಾರದೇ. ಮನಸ್ಸಿನ ವಾದವನ್ನು ವಾದದಿಂದ ಗೆಲ್ಲುವುದು ಕಷ್ಟವಾದ್ದರಿಂದ, ಬಸ್ಸು ಹತ್ತುವ ಮೊದಲೇ ನಿಶ್ಚಯಿಸಿಕೊಂಡಿರುವುದು ಉತ್ತಮ: ಕೂಸು ಹೊತ್ತವರು, ಬಸುರಿಯರು, ಮುಪ್ಪಿನವರು ಕಂಡೊಡನೆ ಏಳುವುದು, ವಿಚಾರ ಮಾಡಿ ಏಳುವುದಲ್ಲ. “ಯವ್ವಾ, ಇಲ್ಲಿ ಕೂಡ್ರಿ” ಎಂಬ ಮಾತು ಬಾಯಿಗೆ ಬಂದ ಮೇಲೆ ಮೊಣಕಾಲು ತಾನೇ ಎದ್ದು ನಿಲ್ಲುತ್ತದೆ. ನಿತ್ಯದ ಕೆಲಸಗಳಲ್ಲೊಂದಕ್ಕೆ ಕರುಣೆಯ ಒಂದು ಕಾರ್ಯವನ್ನು ಹೀಗೆ ಕಟ್ಟಿಹಾಕುವುದೇ ರೂಢಿಯ ಗುಟ್ಟು. ಹಾಲು ಹಿಂಡಿದ ಮೇಲೆ ಪಕ್ಕದ ಒಬ್ಬಂಟಿಗೆ ಒಂದು ಲೋಟ. ಕೊಡ ತುಂಬಿದ ಮೇಲೆ ಹಕ್ಕಿಗಳ ಮಡಕೆಗೆ ಒಂದಿಷ್ಟು. ಸಂಜೆ ದೀಪ ಹಚ್ಚಿದ ಮೇಲೆ ದೂರದ ಊರಿನಲ್ಲಿರುವ ಒಬ್ಬ ಬಂಧುವಿಗೆ, ಕೆಲಸವೇನೂ ಇಲ್ಲದೆ, ಒಂದು ಫೋನು. ಲಂಡನ್ನಿನ ಫಿಲಿಪಾ ಲಾಲಿ ಮತ್ತು ಅವರ ಸಂಗಡಿಗರು ಹೊಸ ರೂಢಿಗಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಒಂದು ಕೆಲಸ ಯೋಚನೆಯಿಲ್ಲದೆ ನಡೆಯುವಂತಾಗಲು ಸರಾಸರಿ 66 ದಿನಗಳು ಹಿಡಿದವು, ಕೆಲವರಿಗೆ 18, ಕೆಲವರಿಗೆ ಲೆಕ್ಕದ ಪ್ರಕಾರ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಒಂದು ದಿನ ತಪ್ಪಿತೆಂದು ವ್ರತಭಂಗವಾದವರಂತೆ ಕೈಬಿಡುವ ನಮ್ಮವರು ಈ ಕಡೆಯ ಮಾತನ್ನು ನೆನಪಿಡತಕ್ಕದ್ದು.

ಕರುಣೆಯ ಮೊದಲ ವೈರಿ ಕ್ರೌರ್ಯವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅವಸರವೇ ಹೆಚ್ಚು ಹಾನಿ ಮಾಡುವುದು. 1973ರಲ್ಲಿ ಪ್ರಿನ್ಸ್‌ಟನ್‌ನ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬಿಬ್ಬರು ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಉಪನ್ಯಾಸ ಕೊಡಲು ಪಕ್ಕದ ಕಟ್ಟಡಕ್ಕೆ ಕಳುಹಿಸಿ, ದಾರಿಯಲ್ಲಿ ಬಾಗಿಲ ಬಳಿ ಕುಸಿದು ಕೆಮ್ಮುತ್ತಿದ್ದ ಒಬ್ಬನನ್ನು ಇರಿಸಿದ್ದರು. ಸಮಯ ಬೇಕಾದಷ್ಟಿದೆ ಎಂದು ತಿಳಿದವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ತಡವಾಗಿದೆ ಎಂದು ಓಡಿಸಲ್ಪಟ್ಟವರಲ್ಲಿ ನೂರಕ್ಕೆ 10 ಮಂದಿ. ಅವರಲ್ಲಿ ಕೆಲವರು ಮಾತನಾಡಲು ಹೊರಟಿದ್ದುದು ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ಬೈಬಲ್ ಕಥೆಯನ್ನು ಕುರಿತೇ! ಧರ್ಮೋಪದೇಶಕ್ಕಿಂತ ಕೈಗಡಿಯಾರ ಬಲಶಾಲಿಯೆಂಬುದು ಇದರಿಂದ ಸಿದ್ಧವಾದಂತಾಯಿತು. ಆದಕಾರಣ, ಮನೆಯಿಂದ ಹತ್ತು ನಿಮಿಷ ಮುಂಚಿತವಾಗಿ ಹೊರಡುವುದನ್ನು ನಾನು ಕರುಣೆಯ ಸಾಧನಗಳಲ್ಲಿ ಸೇರಿಸುತ್ತೇನೆ, ಯಾವ ಶಾಸ್ತ್ರವೂ ಅದನ್ನು ಹೇಳದಿದ್ದರೂ.

ಮತ್ತೊಂದು ವೈರಿ ಸ್ನೇಹಿತನ ವೇಷದಲ್ಲಿ ಬರುವುದು. ಬುದ್ಧಘೋಷನು ಪ್ರತಿಯೊಂದು ಭಾವನೆಗೂ ದೂರದ ಶತ್ರು, ಸಮೀಪದ ಶತ್ರು ಎಂದು ಎರಡನ್ನು ಹೇಳುವಾಗ, ಕರುಣೆಯ ದೂರದ ಶತ್ರು ಹಿಂಸೆಯೆಂದೂ ಸಮೀಪದ ಶತ್ರು ಶೋಕವೆಂದೂ ಗುರುತಿಸಿದನು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಮಾವನನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆ, ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆ, ರಾತ್ರಿಪಾಳಿಯ ದಾದಿ ಇವರಿಗೆ ಈ ಶತ್ರುವಿನ ಪರಿಚಯ ಚೆನ್ನಾಗಿ ಉಂಟು. ಪರರ ನೋವನ್ನು ತನ್ನದೇ ನೋವಾಗಿ ಹೀರಿಕೊಳ್ಳುತ್ತ ಹೋದರೆ ಕಡೆಗೆ ಮನಸ್ಸು ಬತ್ತಿ, ರೋಗಿಯ ಕೂಗು ಕೇಳಿದೊಡನೆ ಸಿಡುಕು ಹುಟ್ಟುವುದು. ಸಿಡುಕಿದ್ದಕ್ಕೆ ಪಶ್ಚಾತ್ತಾಪ ಬೇರೆ. ತಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಎಂಬ ನರವಿಜ್ಞಾನ ವಿದುಷಿಯರು ಈ ಹಳೆಯ ವಿವೇಚನೆಯನ್ನೇ ಪ್ರಯೋಗದಿಂದ ಕಂಡರು: ಇನ್ನೊಬ್ಬರ ದುಃಖವನ್ನು ಅನುಭವಿಸುವುದನ್ನಷ್ಟೇ ಅಭ್ಯಾಸ ಮಾಡಿದವರಲ್ಲಿ ವ್ಯಥೆ ಹೆಚ್ಚಿತು, ಅವರೇ ತರುವಾಯ ಹಾರೈಸುವ ಅಭ್ಯಾಸ ಮಾಡಿದಾಗ ಮನಸ್ಸು ಚೇತರಿಸಿಕೊಂಡಿತು. ಹಾಸಿಗೆಯ ಬಳಿ ಕುಳಿತವರು “ಎಷ್ಟು ನರಳ್ತಾರಲ್ಲಾ” ಎಂಬಲ್ಲಿಗೇ ನಿಲ್ಲದೆ “ಈಗ ಏನು ಮಾಡಿದ್ರ ಇವ್ರಿಗೆ ಹಗುರಾದೀತು” ಎಂಬಲ್ಲಿಗೆ ಮನಸ್ಸನ್ನು ಹೊರಳಿಸಬೇಕು. ಮಗ್ಗುಲು ಬದಲಿಸುವುದು, ತುಟಿ ಒದ್ದೆ ಮಾಡುವುದು, ಅಥವಾ ಏನೂ ಮಾಡಲಾಗದಿದ್ದರೆ ಕೈ ಹಿಡಿದುಕೊಳ್ಳುವುದು. ವಾರಕ್ಕೊಂದು ಮಧ್ಯಾಹ್ನವಾದರೂ ಆ ಸೊಸೆಯನ್ನು ಬಿಡಿಸಿ ಕಳುಹಿಸಿ ಅಲ್ಲಿ ತಾನು ಕುಳಿತುಕೊಳ್ಳುವ ನೆರೆಯವಳು ರೋಗಿಗಿಂತ ಸೊಸೆಗೇ ಹೆಚ್ಚು ಉಪಕಾರ ಮಾಡಿದಂತಾಯಿತು.

ಸೇವೆಗೂ ಕವಾಯತು ಬೇಕೆಂಬುದನ್ನು ಈ ಸೀಮೆ ಒಮ್ಮೆ ಕಣ್ಣಾರೆ ಕಂಡಿದೆ. 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ಡಾಕ್ಟರ್ ನಾ. ಸು. ಹರ್ಡೀಕರರು ಮುಂದೆ ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ನೆಲೆಸಿದ್ದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ ಸ್ವಯಂಸೇವಕರು ಶಿಸ್ತಿನಿಂದ ದುಡಿದರು. ಮೇಲ್ಜಾತಿಯ ತರುಣರೂ ಸಂಡಾಸುಗಳನ್ನು ಶುಚಿಗೊಳಿಸಿದರು. ಅನುಕಂಪ ಉಕ್ಕಿದಾಗ ಮಾತ್ರ ಪೊರಕೆ ಹಿಡಿಯುವವರಿಂದ ಅಂಥ ಕೆಲಸ ಒಂದು ಮುಂಜಾನೆಯೂ ನಡೆಯದು.

ಅಪರಿಚಿತರ ವಿಷಯಕ್ಕೆ ಬರೋಣ. ಕಾರ್ತೀಕದ ಸುಮಾರಿಗೆ ಸಕ್ಕರೆ ಕಾರ್ಖಾನೆಗಳು ನುರಿಸಲಾರಂಭಿಸಿದೊಡನೆ ಮಹಾರಾಷ್ಟ್ರದ ಬೀಡ ಮೊದಲಾದ ಬರಸೀಮೆಗಳಿಂದಲೂ ನಮ್ಮದೇ ವಿಜಯಪುರದ ಕಡೆಯಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಊರ ಹೊರಗೆ ಜೋಪಡಿಗಳು ಏಳುತ್ತವೆ. ಬೆಳಗಿನ ಜಾವಕ್ಕೆ ಎದ್ದ ಹೆಂಗಸರು ಕತ್ತಲಲ್ಲೇ ರೊಟ್ಟಿ ಬಡಿದು ಮಕ್ಕಳೊಡನೆ ಹೊಲ ಸೇರುತ್ತಾರೆ. ಕಬ್ಬಿನ ಗರಿ ಕೊಯ್ದ ಮುಂಗೈ, ರವದಿಯ ಮೇಲೆ ಮಲಗಿದ ಕೂಸು. ಐದು ತಿಂಗಳು ನಮ್ಮ ಬದುವಿನ ಮೇಲೆಯೇ ತಿರುಗಾಡುವ ಇವರ ಹೆಸರುಗಳನ್ನು ನಾವು ತಿಳಿಯುವುದಿಲ್ಲ. ಲೆಕ್ಕವೆಲ್ಲ ಗ್ಯಾಂಗಿನ ಮುಖಂಡನಾದ ಮುಕಾದಮನೊಡನೆ, ಮಾತೂ ಅವನೊಡನೆ. ಇಲ್ಲಿ ಮಾಡತಕ್ಕುದು ಬಹಳವಿಲ್ಲ, ಆದರೆ ಅದು ದಾನವೂ ಅಲ್ಲ: ಕಡಿಯುವ ದಿನಗಳಲ್ಲಿ ಹೊಲದಲ್ಲಿ ಕುಡಿಯುವ ನೀರಿನ ಕೊಡವೊಂದು ನೆರಳಿನಲ್ಲಿರುವಂತೆ ನೋಡಿಕೊಳ್ಳುವುದು, ಬೋರ್‌ವೆಲ್ಲಿನ ನೀರನ್ನು ಹೆಂಗಸರಿಗೆ ಸ್ನಾನಕ್ಕೆ ಬಿಡುವುದು, ಬೆರಳು ಕೊಯ್ದುಕೊಂಡವನನ್ನು ಬೈಕಿನ ಮೇಲೆ ಆಸ್ಪತ್ರೆಗೆ ಒಯ್ಯುವುದು, ಮಕ್ಕಳನ್ನು ಊರ ಶಾಲೆಯಲ್ಲೋ ಅಂಗನವಾಡಿಯಲ್ಲೋ ಕೂರಿಸಿಕೊಳ್ಳಲಾಗುವುದೇ ಎಂದು ಶಿಕ್ಷಕರನ್ನು ಕೇಳುವುದು, ಮತ್ತು ಹೆಸರು ಕೇಳಿ ಹೆಸರು ಹಿಡಿದು ಕರೆಯುವುದು. ಹೆಸರು ತಿಳಿದ ಮನುಷ್ಯನನ್ನು “ಏ ಗ್ಯಾಂಗಿನವ್ನ” ಎಂದು ಕೂಗಲು ನಾಲಿಗೆ ಹಿಂಜರಿಯುತ್ತದೆ. ಇದನ್ನು ಮಾಡುವವರು ಈ ಸೀಮೆಯಲ್ಲಿ ಇಲ್ಲದೆ ಇಲ್ಲ.

ಅಪಾಯದ ಗಳಿಗೆಯ ಕರುಣೆಗೆ ಮಾತ್ರ ಮನಸ್ಸಿನ ಮೃದುತ್ವ ಸಾಲದು, ಸ್ವಲ್ಪ ತಿಳಿವಳಿಕೆಯೂ ಬೇಕು. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ಗುಂಪೊಂದು ಹೇಳಬಾರದ ದೌರ್ಜನ್ಯವೆಸಗಿದಾಗ, ಬಿಡಿಸಲು ಹೋದವನೊಬ್ಬನಿಗೂ ಪೆಟ್ಟು ಬಿದ್ದು, ಉಳಿದವರು ನಿಂತು ನೋಡಿದರೆಂಬುದನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ತಾನಾಗಿ ವಿಚಾರಣೆಗೆತ್ತಿಕೊಂಡು ಕಠಿಣವಾಗಿ ಖಂಡಿಸಿತು. ನಿಂತವರೆಲ್ಲ ಪಾಷಾಣಹೃದಯರಾಗಿದ್ದರೇ? ಹಾಗೆಂದು ನಂಬುವುದು ಸುಲಭ, ಏಕೆಂದರೆ ಆಗ ನಾವು ಅವರಲ್ಲಿ ಒಬ್ಬರಲ್ಲವೆಂದಾಗುತ್ತದೆ. ಹಿಂದೆ ಹೇಳಿದ ಡಾರ್ಲಿಯೇ ಬಿಬ್ ಲಟಾನೆಯೊಡನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸಿದಾಗ, ತಾನೊಬ್ಬನೇ ಕೇಳುತ್ತಿರುವೆನೆಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಆತನ ಕೂಗು ನಿಲ್ಲುವುದರೊಳಗೆ ಎದ್ದು ನೆರವು ಕೇಳಲು ಹೋದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ 31 ಮಂದಿ ಮಾತ್ರ. ಗುಂಪು ಹೆಚ್ಚಿದಷ್ಟೂ ಹೊಣೆ ಹಂಚಿಹೋಗಿ ಯಾರ ಪಾಲಿಗೂ ಉಳಿಯುವುದಿಲ್ಲ. ಆದ್ದರಿಂದ ಗುಂಪಿನ ನಡುವೆ “ಯಾರಾದ್ರೂ ಬರ್ರಿ” ಎಂದು ಕೂಗುವುದು ವ್ಯರ್ಥ, “ಕೆಂಪ ರುಮಾಲಿನ ಅಣ್ಣಾರ, ನೀವು 112ಕ್ಕ ಫೋನ್ ಹಚ್ಚರಿ, ಮಾಸ್ತರ್, ನೀವು ನನ್ನ ಕೂಡ ಬರ್ರಿ” ಎಂದು ಒಬ್ಬೊಬ್ಬರನ್ನು ತೋರಿಸಿ ಕೆಲಸ ಹೇಳಬೇಕು. ಒಬ್ಬನು ಹೆಜ್ಜೆಯಿಟ್ಟಲ್ಲಿ ಪೆಟ್ಟು ಬೀಳುವುದು, ನಾಲ್ವರು ಕೂಡಿ ಇಟ್ಟಲ್ಲಿ ಬೀಳುವುದು ಕಡಿಮೆ.

ರಸ್ತೆಯ ಅಪಘಾತದಲ್ಲಿಯೂ ಹೀಗೆಯೇ. ಬಿದ್ದವನನ್ನು ಎತ್ತಿದರೆ ಪೊಲೀಸ್ ಠಾಣೆ, ಸಾಕ್ಷಿ, ಕೋರ್ಟು ಎಂಬ ಹೆದರಿಕೆ ನಮ್ಮಲ್ಲಿ ಹಳೆಯದು, ಹಿಂದೆ ಅದಕ್ಕೆ ಆಧಾರವೂ ಇತ್ತು. ಈಗ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ಪ್ರಕಾರ, ಸದ್ಭಾವನೆಯಿಂದ ಗಾಯಾಳುವಿಗೆ ನೆರವಾದವನ ಮೇಲೆ ಆ ನೆರವಿನಲ್ಲಾದ ಲೋಪಕ್ಕಾಗಿ ದಿವಾಣಿಯಾಗಲಿ ಫೌಜದಾರಿಯಾಗಲಿ ಮೊಕದ್ದಮೆ ನಡೆಯದು. ಆಸ್ಪತ್ರೆಯವರೋ ಪೊಲೀಸರೋ ಹೆಸರು ವಿಳಾಸ ಹೇಳೆಂದು ಬಲವಂತ ಮಾಡುವಂತಿಲ್ಲ. 2008ರಿಂದ ನಮ್ಮ ರಾಜ್ಯದಲ್ಲಿರುವ 108ರ ಆಂಬುಲೆನ್ಸಿಗೆ ಫೋನು ಮಾಡಿ, ಊರ ಹೆಸರಿನ ಜೊತೆಗೆ ಹತ್ತಿರದ ಗುರುತನ್ನೂ ಹೇಳಿ, ಅದು ಬರುವ ತನಕ ರಕ್ತ ಒಸರುವಲ್ಲಿ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು, ಬೆನ್ನಿಗೆ ಪೆಟ್ಟಾದವನನ್ನು ಸುಮ್ಮನೆ ಎತ್ತಾಡದೆ ಕಾಯುವುದು. ವೀಡಿಯೊ ತೆಗೆಯುವವರಿಗೆ ವಾಹನಗಳನ್ನು ನಿಲ್ಲಿಸುವ ಕೆಲಸ ಒಪ್ಪಿಸಿದರೆ ಅವರಿಗೂ ಮೊಬೈಲನ್ನು ಜೇಬಿಗಿಡಲು ಒಂದು ಕಾರಣ ಸಿಕ್ಕಂತಾಗುವುದು.

ಇಷ್ಟೆಲ್ಲ ಮಾಡಬಲ್ಲವನಿಗೂ ಮೊಣಕಾಲು ನಡುಗುವ ಸ್ಥಳ ಒಂದಿದೆ: ತನ್ನ ಹೊಲದ ಬದು. ಬಾಂದದ ಕಲ್ಲು ಒಂದು ಮೊಳ ಸರಿಯಿತೆಂದು, ಕಾಲುವೆಯ ನೀರಿನ ಪಾಳಿಯಲ್ಲಿ ಒಂದು ತಾಸು ಕದ್ದನೆಂದು ಎರಡು ತಲೆಮಾರು ಮಾತುಬಿಟ್ಟ ಮನೆಗಳು ಯಾವ ಊರಿನಲ್ಲಿಲ್ಲ! ಬುದ್ಧಘೋಷನ ನಾಲ್ಕನೆಯ ಮೆಟ್ಟಿಲೆಂದರೆ ನಮಗೆ ಈ ಬದುವಿನವನೇ. ಇದಕ್ಕೆ ಕೌಜಲಗಿಯವರಿಗೆ ಮನೆಯಲ್ಲಿಯೇ ಒಂದು ಪಾಠಶಾಲೆ ಉಂಟು. ಶ್ರೀಕೃಷ್ಣ ಪಾರಿಜಾತದ ಬಯಲಾಟ ಪಕ್ಕದ ಕುಲಗೋಡದ ತಮ್ಮಣ್ಣನವರ ಕೈಯಲ್ಲಿ ಬೆಳೆದು, ಕೌಜಲಗಿಯ ನಿಂಗಮ್ಮನವರ ಕಂಠದಿಂದ ನಾಡಿನ ಮನೆಮಾತಾಯಿತು. ಹೆಂಗಸರು ಬಯಲಾಟದ ವೇದಿಕೆಯೇರುವುದೇ ಅಪರೂಪವಾಗಿದ್ದ ಕಾಲದಲ್ಲಿ ನಿಂಗಮ್ಮನವರು ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿ ಮೆರೆಸಿದರು. ಕಥೆ ಎಲ್ಲರಿಗೂ ಗೊತ್ತು: ನಾರದ ತಂದ ಹೂವು ರುಕ್ಮಿಣಿಗೆ ಸಂದು, ಭಾಮೆಗೆ ಅಸಾಧ್ಯ ಕೋಪ. ನ್ಯಾಯವಾಗಿ ನೋಡಿದರೆ ಒಂದು ಹೂವಿಗೆ ಅಷ್ಟು ರಂಪ ಬೇಕಾಗಿರಲಿಲ್ಲ. ಆದರೂ ಇಡೀ ರಾತ್ರಿ ಬಯಲಿನಲ್ಲಿ ಕುಳಿತ ಜನ ಭಾಮೆಯನ್ನು ತೀರ್ಪಿಗೆ ನಿಲ್ಲಿಸುವುದಿಲ್ಲ. ಆಕೆಯ ಗರ್ವವನ್ನು ನೋಡಿ ನಗುತ್ತಾರೆ, ಆ ಗರ್ವದ ಹಿಂದಿನ ದುಗುಡ ಹಾಡಾಗಿ ಬಂದಾಗ ಮುಖ ಒರೆಸಿಕೊಳ್ಳುತ್ತಾರೆ. ತಪ್ಪೆಂದು ತಿಳಿದೂ ಒಳಗಿನಿಂದ ನೋಡುವ ಈ ದೃಷ್ಟಿ ಪಾರಿಜಾತ ಕೇಳಿ ಬೆಳೆದವರಿಗೆ ಹೊಸದಲ್ಲ. ಬದುವಿನವನನ್ನು ಬೆಳಗಿನ ಹತ್ತು ನಿಮಿಷದಲ್ಲಿ ನೆನೆಯುವಾಗ ಅವನು ಮಾಡಿದ ಅನ್ಯಾಯದಿಂದ ಆರಂಭಿಸದೆ, ಅವನ ಮಗನ ಸಾಲದಿಂದಲೋ ಅವನ ಹೆಂಡತಿಯ ಕಾಯಿಲೆಯಿಂದಲೋ ಆರಂಭಿಸಬೇಕು. ಅನ್ಯಾಯ ಸುಳ್ಳಾಗುವುದಿಲ್ಲ. ಅವನ ಇಡೀ ಬಾಳು ಆ ಒಂದು ಮೊಳ ನೆಲವಲ್ಲವೆಂಬುದು ಮಾತ್ರ ಕಾಣತೊಡಗುವುದು.

ಆಮೇಲೆ ಮಾತು. ಇದಕ್ಕೆ ನಮ್ಮ ಹಿರಿಯರು ಪಂಚಾಂಗದಲ್ಲಿಯೇ ಸ್ಥಳ ಮಾಡಿಟ್ಟಿದ್ದಾರೆ. ಭಾದ್ರಪದದ ಪರ್ವ ಮುಗಿದ ಮೇಲೆ ಜೈನರು ಪರಸ್ಪರ ಕ್ಷಮೆ ಬೇಡುವ ಕ್ಷಮಾವಣಿಯನ್ನು ಆಚರಿಸುತ್ತಾರೆ. ವಿಜಯದಶಮಿಯ ಸಂಜೆ ಊರಿಗೆ ಊರೇ ಬನ್ನಿ ಹಿಡಿದು ಹೊರಡುವುದು. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ” ಎಂದು ಎಲೆ ಕೈಗಿತ್ತು ಕಿರಿಯರು ಹಿರಿಯರ ಕಾಲಿಗೆರಗುವ ಆ ಹೊತ್ತಿನಲ್ಲಿ, ಮಾತುಬಿಟ್ಟ ಮನೆಯ ಹೊಸ್ತಿಲು ತುಳಿದರೂ ಸೋತನೆಂದು ಯಾರೂ ಅನ್ನುವುದಿಲ್ಲ. ಎಲ್ಲರ ಮನೆ ಮುಗಿಸಿ ಕಡೆಗೆ ಹೋದರಾಯಿತೆಂದರೆ ಕಡೆ ಬರುವುದೇ ಇಲ್ಲ. ಆ ಮನೆಗೇ ಮೊದಲು ಹೋಗತಕ್ಕದ್ದು, ಒಬ್ಬನೇ ಹೋಗುವುದಕ್ಕಿಂತ ಮಕ್ಕಳನ್ನು ಮುಂದಿಟ್ಟುಕೊಂಡು ಹೋಗುವುದು ಮೇಲು, ಹಳೆಯ ಲೆಕ್ಕವನ್ನು ಅಂದು ಎತ್ತಲೇಬಾರದು. ಆತನು ಬನ್ನಿ ತೆಗೆದುಕೊಳ್ಳದೆ ಬಾಗಿಲಲ್ಲೇ ನಿಲ್ಲಿಸಿದರೆ? ಎಲೆಯನ್ನು ಕಟ್ಟೆಯ ಮೇಲಿಟ್ಟು ಕೈಮುಗಿದು ಬಂದುಬಿಡುವುದು. ಸಂಕ್ರಮಣಕ್ಕೆ ಕುಸರೆಳ್ಳು ಹಂಚುವಾಗ ಇನ್ನೊಮ್ಮೆ. ಅದಕ್ಕೂ ಒಲಿಯದವನ ವಿಷಯದಲ್ಲಿ ತತ್ತ್ವಾರ್ಥಸೂತ್ರವು ಹೇಳಿದ ಮಾಧ್ಯಸ್ಥ್ಯವಿದೆ: ಬಯ್ಯುವುದೂ ಇಲ್ಲ, ಬೆನ್ನುಹತ್ತುವುದೂ ಇಲ್ಲ. ಬದು ನಿಜವಾಗಿಯೂ ಸರಿದಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ, ಮೋಜಣಿದಾರನು ಸರಪಳಿ ಹಿಡಿದು ಬರುವ ತನಕ ಕಾಯಬೇಕು; ಕರುಣೆಗಾಗಿ ಹೊಲ ಬಿಟ್ಟುಕೊಡೆಂದು ಯಾವ ಗ್ರಂಥವೂ ಹೇಳಿಲ್ಲ. ಆದರೆ ಆ ಅರ್ಜಿ ತೀರ್ಮಾನವಾಗುವುದರೊಳಗೆ ಆತನ ಬಣವಿಗೆ ಬೆಂಕಿ ಬಿದ್ದರೆ, ಕೊಡ ಹಿಡಿದು ಓಡುವವರಲ್ಲಿ ನೀವೂ ಇರುವುದಕ್ಕೆ ಅದೇನೂ ಅಡ್ಡಿಯಲ್ಲ.